ಬೆನ್ನ ಹಿಂದಿನ ಕೆಮ್ಮು

ಊಟಕ್ಕೆ ಕೂತಾಗ ನನ್ನ ಬೆನ್ನಿಗೊಂದು ಗೋಡೆ ಬೇಕು. ಹೋಟೆಲಾಗಲಿ, ಬೀಗರ ಮನೆಯ ಪಡಸಾಲೆಯಾಗಲಿ, ಒಳಗೆ ಕಾಲಿಟ್ಟವನೇ ನಾನು ಮೊದಲು ನೋಡುವುದು ಅಡುಗೆ ಏನು ಅಂತಲ್ಲ, ಗೋಡೆ ಎಲ್ಲಿದೆ ಅಂತ. ಮೊನ್ನೆ ಹರಿಹರದಲ್ಲಿ ಒಂದು ಮದುವೆ. ಗೋಡೆ ಪಕ್ಕದ ಜಾಗ ಸಿಗಲಿಲ್ಲ, ನಡುವೆ ಕೂರಬೇಕಾಯಿತು. ಮೊದಲನೇ ಪಂಕ್ತಿಯ ನಮಗೆ ಇನ್ನೂ ಅನ್ನ ಬಂದಿರಲಿಲ್ಲ, ಎರಡನೇ ಪಂಕ್ತಿಯವರು ಆಗಲೇ ಬಂದು ನಮ್ಮ ಬೆನ್ನಿಗೆ ಆತು ನಿಂತಿದ್ದರು. ನನ್ನ ಹಿಂದೆ ಯಾರೋ ಕೆಮ್ಮಿದರು. ಒಂದಲ್ಲ, ಎರಡು ಸಲ. ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದುಬಿಟ್ಟೆ.

ಹೆಂಗಸರ ಸಾಲಿನಿಂದ ಅದನ್ನು ನೋಡಿದ ನನ್ನ ಹೆಂಡತಿ ಕೈ ತೊಳೆಯುವ ಕಡೆ ಬಂದು ಹಿಡಿದುಕೊಂಡಳು. "ಏನಾತ್ರೀ ನಿಮಗೆ? ತುಪ್ಪ ಹಾಕಿಸ್ಕಂಡ ಹೋಳಿಗೆ ಬಿಟ್ಟು ಎದ್ದು ಬಂದ್ರಲ್ಲ?"

"ಹಿಂದೆ ಯಾರೋ ಕೆಮ್ಮಿದ್ರು."

"ಕೆಮ್ಮಿದ್ರೆ ಅವ್ರಿಗೆ ಕಷಾಯ ಕುಡಿಸ್ಬೇಕು. ನೀವ್ಯಾಕ ಎದ್ದು ಓಡ್ಬೇಕು?"

ಅವಳಿಗೆ ಕಾರಣ ಗೊತ್ತಿಲ್ಲ ಅಂತಲ್ಲ. ಗೊತ್ತಿದ್ದೇ ಕೇಳುತ್ತಾಳೆ. ನಿಮಗೆ ಗೊತ್ತಿಲ್ಲವಲ್ಲ, ಆದ್ದರಿಂದ ಹೇಳುತ್ತೇನೆ. ಇದು ಸಾವಿರದ ಒಂಬೈನೂರ ಅರವತ್ತರ ಆಚೀಚಿನ ಮಾತು.

ನಮ್ಮ ಊರು ಕೊಕ್ಕನೂರು. ನಮ್ಮ ವಂಶದಲ್ಲಿ ಹೆಸರಿನ ಮುಂದೆ ಬಿ.ಎ. ಅಂತ ಬರೆದುಕೊಂಡ ಮೊದಲನೆಯವನು ನಾನು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಮನೆಯ ಬಾಗಿಲ ಮೇಲೆ ಬರೆಸಿದ್ದೇನೆ, ಲಗ್ನಪತ್ರಿಕೆಯಲ್ಲಿ ಹಾಕಿಸಿದ್ದೆ, ಹಿತ್ತಾಳೆ ಕೊಡದ ಮೇಲೂ ಕೊರೆಸುತ್ತಿದ್ದೆನೇನೋ, ಅವ್ವ ಬೇಡ ಅಂದಳು. ನನ್ನ ಹಿಂದಿನವರೆಲ್ಲ ಹೆಬ್ಬೆಟ್ಟು ಒತ್ತಿದವರು. ಅಪ್ಪ ಮಾತ್ರ ತನ್ನ ಹೆಸರು ಬರೆಯಲು ಕಲಿತಿದ್ದ, ಅದೂ ನನ್ನ ಸ್ಲೇಟಿನ ಮೇಲೆ. ಬರೆಯುವಾಗ ನೇಗಿಲು ಒತ್ತಿದ ಹಾಗೆ ಬಳಪ ಒತ್ತುತ್ತಿದ್ದ. ನನ್ನ ಎರಡು ಸ್ಲೇಟು ಒಡೆದದ್ದು ಅಪ್ಪನ ವಿದ್ಯಾಭ್ಯಾಸದಿಂದಲೇ.

ದಾವಣಗೆರೆಯಲ್ಲಿ ಕಾಲೇಜು. ಇರಲಿಕ್ಕೆ, ಉಣ್ಣಲಿಕ್ಕೆ ಒಂದು ಉಚಿತ ವಿದ್ಯಾರ್ಥಿ ನಿಲಯ. ಅಲ್ಲಿ ಜಾಗ ಸಿಕ್ಕಿದ್ದರಿಂದ ನಾನು ಓದಿದೆ, ಸಿಗದಿದ್ದರೆ ಓದುತ್ತಿರಲಿಲ್ಲ. ಲೆಕ್ಕ ಅಷ್ಟು ನೇರ. ನಿಲಯದ ಬಾಗಿಲಲ್ಲೇ ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ನಿಯಮಗಳನ್ನು ಬರೆಸಿದ್ದರು. ಬೆಳಿಗ್ಗೆ ಏಳುವುದು, ಪ್ರಾರ್ಥನೆ, ತಟ್ಟೆ ತೊಳೆಯುವುದು ಎಲ್ಲ ಆದ ಮೇಲೆ ಕೊನೆಯ ಸಾಲು ಹೀಗಿತ್ತು: ಹೋಟೆಲುಗಳಲ್ಲಿ ಕಂಡುಬಂದ ವಿದ್ಯಾರ್ಥಿಯ ಹೆಸರನ್ನು ತೆಗೆದುಹಾಕಲಾಗುವುದು. ಹೋಟೆಲಿಗೆ ಹೋಗುವ ಶಕ್ತಿ ಇದ್ದವನಿಗೆ ಪುಕ್ಕಟೆ ಅನ್ನ ಯಾಕೆ, ಆ ಜಾಗ ಇನ್ನೊಬ್ಬ ಬಡವನಿಗೆ ಹೋಗಲಿ ಎಂಬುದು ಅದರ ಅರ್ಥ. ಅರ್ಥ ಸರಿಯೇ ಇತ್ತು. ಅದಕ್ಕೇ ಅಷ್ಟು ಹೆದರಿಕೆ.

ಬರೀ ಹಲಗೆಯ ಮಾತಲ್ಲ ಅದು. ನಾನು ಸೇರಿದ ಮೊದಲ ವರ್ಷವೇ, ಮೆಣಸಿನಕಾಯಿ ಬಜ್ಜಿ ಅಂಗಡಿಯ ಬೆಂಚಿನ ಮೇಲೆ ಸಿಕ್ಕಿಬಿದ್ದವನೊಬ್ಬನ ಟ್ರಂಕು ಗೇಟಿನ ಹೊರಗೆ ಬಂದು ಕೂತದ್ದನ್ನು ನೋಡಿದ್ದೆ. ಅವನು ಅದರ ಪಕ್ಕ ನಿಂತು ಜಟಕಾಕ್ಕಾಗಿ ಕಾಯುತ್ತಿದ್ದ. ಅವನ ಬಾಯಿಯ ಮೂಲೆಯಲ್ಲಿ ಖಾರದ ಎಣ್ಣೆ ಇನ್ನೂ ಮಿರಿಮಿರಿ ಮಿನುಗುತ್ತಿತ್ತು ಅಂತ ನನ್ನ ನೆನಪು. ಹೆದರಿಕೆಯಲ್ಲಿ ಹಾಗೆ ಕಂಡಿತೋ ಏನೋ.

ನಿಯಮ ಕಾಯುತ್ತಿದ್ದವರು ವಾರ್ಡನ್ ವೀರಭದ್ರಯ್ಯನವರು. ರಿಟೈರಾದ ಹೈಸ್ಕೂಲು ಮೇಷ್ಟ್ರು. ಬಿಳಿ ಟೋಪಿ, ಬಿಸಿಲಿರಲಿ ಬಿಡಲಿ ಕಂಕುಳಲ್ಲಿ ಕಪ್ಪು ಕೊಡೆ. ಅವರು ಎಲ್ಲಿಗೆ ಬಂದರೂ ಮೊದಲು ಎರಡು ಸಲ ಒಣಕೆಮ್ಮು ಕೆಮ್ಮುತ್ತಿದ್ದರು. ಕೆಮ್ಮು ಮೊದಲು ಬರುತ್ತಿತ್ತು, ಅವರು ಆಮೇಲೆ. ಆ ಎರಡು ಕೆಮ್ಮಿನ ನಡುವೆ ಇಸ್ಪೀಟು ಎಲೆಗಳು ಹಾಸಿಗೆಯ ಕೆಳಗೆ ಹೋಗಿ, ಅರ್ಥಶಾಸ್ತ್ರದ ಪುಸ್ತಕ ತೊಡೆಯ ಮೇಲೆ ಬಂದಿರುತ್ತಿತ್ತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಸೇರಿದ ಹೊಸದರಲ್ಲಿ ಮನೆಗೆ ಒಂದು ಕಾಗದ ಬರೆದೆ. ಇಲ್ಲಿ ಎಲ್ಲ ಚೆನ್ನಾಗಿದೆ, ಸಾರು ಮಾತ್ರ ತೆಳ್ಳಗೆ, ಬೇಳೆಯನ್ನು ಹುಡುಕಬೇಕು ಅಂತ. ಊರಿನ ಮೇಷ್ಟ್ರು ಅದನ್ನು ನಮ್ಮ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದರಂತೆ. ಅವ್ವ ಎರಡು ದಿನ ಉಣ್ಣಲಿಲ್ಲವಂತೆ. "ಹಸ್ಕಂಡು ಓದೋ ಓದು ನಮಗೆ ಬ್ಯಾಡ, ವಾಪಸ್ ಬಾ ಅಂತ ಬರೀರಿ" ಅಂದಳಂತೆ. ಆ ಕಾಗದ ಕೈಗೆ ಬಂದ ಕೂಡಲೇ ಉತ್ತರ ಬರೆದೆ: ಚಿಂತೆ ಬೇಡ, ಗೆಳೆಯ ರುದ್ರೇಶ ಪ್ರತಿ ಭಾನುವಾರ ನನ್ನನ್ನು ಬೆಣ್ಣೆ ದೋಸೆ ಹೋಟೆಲಿಗೆ ಕರೆದುಕೊಂಡು ಹೋಗುತ್ತಾನೆ, ಹೊಟ್ಟೆ ತುಂಬ ತಿನ್ನುತ್ತೇನೆ.

ರುದ್ರೇಶ ಹರಿಹರದವನು, ದಾವಣಗೆರೆಯಲ್ಲಿ ಮಾವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದ. ಅವನು ಭಾನುವಾರ ದೋಸೆ ತಿನ್ನುತ್ತಿದ್ದದ್ದು ನಿಜ. ನಾನು ತಿನ್ನುತ್ತಿದ್ದದ್ದು ಸೋಮವಾರ ಅವನು ಹೇಳುವ ವರ್ಣನೆಯನ್ನು. ಅದನ್ನೇ ನೆನಪಿಟ್ಟುಕೊಂಡು ಮನೆಗೆ ಬರೆಯುತ್ತಿದ್ದೆ. ದೋಸೆಯ ಅಂಚು ಹೀಗೆ, ಬೆಣ್ಣೆ ಹೀಗೆ, ಚಟ್ನಿ ಹಾಲಿನ ಹಾಗೆ ಬೆಳ್ಳಗೆ. ಎರಡು ವರ್ಷ ಒಂದು ದೋಸೆಯನ್ನೂ ಬಾಯಿಗಿಡದೆ ನಾನು ಅದರ ಮೇಲೆ ಬರೆದಷ್ಟು ಅರ್ಥಶಾಸ್ತ್ರದ ಮೇಲೂ ಬರೆದಿಲ್ಲ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಅಪ್ಪ ಬಂದ. ಕೊಕ್ಕನೂರಿನಿಂದ ಹರಿಹರಕ್ಕೆ ಬಸ್ಸು, ಅಲ್ಲಿಂದ ರೈಲು. ಒಗೆದ ಧೋತ್ರ, ಹೆಗಲ ಮೇಲೆ ಕೆಂಪಂಚಿನ ಟವೆಲು, ಕೈಯಲ್ಲಿ ಅವ್ವ ಕೊಟ್ಟ ರೊಟ್ಟಿಯ ಗಂಟು. ನಿಲಯದ ಗೇಟಿನ ಮುಂದೆ ನಿಂತು ಹಲಗೆಯನ್ನು ಕತ್ತೆತ್ತಿ ನೋಡುತ್ತಿದ್ದ. ತನ್ನ ಹೆಸರಿನ ಅಕ್ಷರಗಳು ಅದರಲ್ಲಿ ಎಲ್ಲೆಲ್ಲಿವೆ ಅಂತ ಹುಡುಕುತ್ತಿದ್ದನೇ ಹೊರತು, ಕೊನೆಯ ಸಾಲಿನಲ್ಲಿ ತನ್ನ ಮಗನ ಕತ್ತಿನ ಮೇಲೆ ಏನು ತೂಗುತ್ತಿದೆ ಅಂತ ಅವನಿಗೆ ಗೊತ್ತಿರಲಿಲ್ಲ.

"ನಡಿ, ನಿನ್ನ ದೋಸೆ ಹೋಟ್ಲಿಗೆ ಹೋಗಣ" ಅಂದ.

"ಇವತ್ತು ಬ್ಯಾಡಪ್ಪ. ಭಾನುವಾರ, ಭಾಳ ಗದ್ದಲ ಇರ್ತೈತೆ."

"ಇರ್ಲಿ ಬಿಡು. ನೀನು ಹೋಗಾದೇ ಭಾನುವಾರ ಅಲ್ಲನು? ನಿಮ್ಮವ್ವ ಹೇಳ್ಯಾಳೆ, 'ಮಗ ಕೂಡ್ರೋ ಜಾಗದಾಗ ನೀನೂ ಕೂತು ತಿಂದು ಬಾ, ಬಂದು ಹೆಂಗೈತೆ ಅಂತ ನನಗೆ ಹೇಳು' ಅಂತ."

ನಿಯಮದ ವಿಷಯ ಅಪ್ಪನಿಗೆ ಹೇಳಿಬಿಡಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಹೇಳಿದರೆ ಎರಡು ವರ್ಷದ ಕಾಗದಗಳೆಲ್ಲ ಸುಳ್ಳಾಗುತ್ತವೆ. ಅವ್ವ ಮತ್ತೆ ಉಪವಾಸ ಕೂರುತ್ತಾಳೆ, ವಾಪಸ್ ಬಾ ಅನ್ನುತ್ತಾಳೆ. ಹೇಳದೆ ಹೋದರೆ ವಾರ್ಡನ್ನರ ಕಣ್ಣಿಗೆ ಬೀಳುತ್ತೇನೆ. ಎರಡು ದಾರಿಯೂ ಕೊಕ್ಕನೂರಿಗೇ ಹೋಗುತ್ತಿದ್ದವು. ಒಂದರಲ್ಲಿ ಮಾತ್ರ ದೋಸೆ ಇತ್ತು.

ಹೊರಟೆ.

ಮಂಡಿಪೇಟೆಯ ಕಡೆಯ ಒಂದು ಓಣಿಯಲ್ಲಿತ್ತು ಆ ಹೋಟೆಲು. ತಗಡಿನ ಮಾಡು, ಹೊಗೆ ಹಿಡಿದ ಗೋಡೆ. ಬಾಗಿಲ ಪಕ್ಕದಲ್ಲೇ ಸೌದೆ ಒಲೆಯ ಮೇಲೆ ಬಂಡಿಯ ಗಾಲಿಯಷ್ಟು ಅಗಲದ ಕಾವಲಿ. ಭಾನುವಾರ ಬಂತೆಂದರೆ ಮಿಲ್ಲಿನವರು, ಹತ್ತಿ ವ್ಯಾಪಾರದವರು, ಸುತ್ತಲಿನ ಹಳ್ಳಿಗಳಿಂದ ಬಟ್ಟೆ ಕೊಳ್ಳಲು ಬಂದವರು, ಎಲ್ಲರೂ ಅಲ್ಲೇ. ಒಳಗೆ ಆರು ಮೇಜು, ಹೊರಗೆ ಅರ್ಧ ಊರು.

ಅಲ್ಲಿ ಸರದಿ ಅನ್ನುವುದು ಇರಲಿಲ್ಲ. ಚೀಟಿ ಇಲ್ಲ, ಹೆಸರು ಕೂಗುವವರಿಲ್ಲ. ಇದ್ದದ್ದು ಒಂದೇ ಕಾನೂನು: ತಿನ್ನುತ್ತಿರುವವನ ಕುರ್ಚಿಯ ಬೆನ್ನನ್ನು ಯಾರು ಹಿಡಿದು ನಿಂತಿದ್ದಾರೋ, ಅವನು ಎದ್ದ ಮೇಲೆ ಆ ಕುರ್ಚಿ ಅವರದು. ಹಿಡಿದ ಕೈ ಬಿಟ್ಟರೆ ಕುರ್ಚಿಯೂ ಹೋಯಿತು. ಆದ್ದರಿಂದ ಯಾರ ಹಿಂದೆ ನಿಲ್ಲಬೇಕು ಅನ್ನುವುದೇ ವಿದ್ಯೆ. ಆ ವಿದ್ಯೆಯನ್ನು ರುದ್ರೇಶ ನನಗೆ ಬಾಯಿಪಾಠ ಮಾಡಿಸಿದ್ದ. ಎರಡನೇ ಸಲ ಚಟ್ನಿ ಕೇಳಿದವನ ಹಿಂದೆ ನಿಲ್ಲಬಾರದು, ಅವನು ಇನ್ನೊಂದು ದೋಸೆ ಹೇಳುತ್ತಾನೆ. ಪೇಪರು ಬಿಚ್ಚಿದವನ ಹತ್ತಿರ ಸುಳಿಯಬಾರದು. ಮಕ್ಕಳ ಜೊತೆ ಬಂದವರು ಬೇಗ ಏಳುತ್ತಾರೆ ಅಂದುಕೊಂಡರೆ ಕೆಟ್ಟೆ, ಕೊನೆಯ ಮಗು ಅತ್ತೇ ಅಳುತ್ತದೆ, ಅದಕ್ಕೊಂದು ಖಾಲಿ ದೋಸೆ ಬಂದೇ ಬರುತ್ತದೆ. ಕಾಫಿಯನ್ನು ಕಪ್ಪಿನಡಿಯ ಬಸಿಗೆ ಸುರಿದುಕೊಂಡವನ ಹಿಂದೆ ನಿಂತರೆ ಗೆದ್ದ ಹಾಗೆ.

"ನೀನು ವಾರ ವಾರ ಬರೋನು, ಹೆಂಗೆ ಮಾಡ್ಬೇಕು ಹೇಳು" ಅಂದ ಅಪ್ಪ.

ನಾನು ಬಹಳ ತಿಳಿದವನ ಹಾಗೆ ಬಸಿ ಹಿಡಿದ ಇಬ್ಬರನ್ನು ಹುಡುಕಿ ಅವರ ಹಿಂದೆ ಹೋಗಿ ನಿಂತೆ. ಕುರ್ಚಿಗೆ ಕೈ ಹಾಕಿದೆ. ಅಪ್ಪ ನನ್ನ ರಟ್ಟೆ ಹಿಡಿದು ಈಚೆಗೆ ಎಳೆದ.

"ಏ, ಏನೋ ಇದು? ಉಣ್ಣೋರ ಬೆನ್ನಿಗೆ ನಿಂತ್ಕಂಡು ತಟ್ಟೆ ನೋಡ್ತಿಯಲ್ಲೋ! ಕಣ್ಣು ತಾಗಿ ಪಾಪ ಅವ್ರಿಗೆ ಹೊಟ್ಟೆ ನುಲಿದ್ರೆ? ಈ ಕಡೆ ತಿರುಗು."

ಅಂದು ಅಪ್ಪ ಗೋಡೆಗೆ ಮುಖ ಮಾಡಿ ನಿಂತ. ನನ್ನನ್ನೂ ನಿಲ್ಲಿಸಿದ.

ನಮ್ಮಲ್ಲಿ ಅದು ಹಾಗೇ. ಉಣ್ಣುವವರ ತುತ್ತನ್ನು ನೋಡಬಾರದು. ನನಗೆ ಆರೋ ಏಳೋ ವರ್ಷವಾಗಿದ್ದಾಗ ಪಕ್ಕದ ಮನೆಯ ಹೊಸ್ತಿಲಲ್ಲಿ ನಿಂತು, ಆ ಮನೆಗೆ ಬಂದಿದ್ದ ಅಳಿಯ ಕಡುಬು ತಿನ್ನುವುದನ್ನು ನೋಡುತ್ತಿದ್ದೆ. ಒಂದು, ಎರಡು, ಮೂರು ಅಂತ ಎಣಿಸುತ್ತಲೂ ಇದ್ದೆನಂತೆ. ಏಳನೆಯದಕ್ಕೆ ಆ ಅಳಿಯನಿಗೆ ಗಂಟಲು ಹಿಡಿಯಿತು. ಅಪ್ಪ ನನ್ನ ಕಿವಿ ಹಿಡಿದು ಮನೆಗೆ ತಂದು, ಹೀಗೇ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದ್ದ. ಅವ್ವ ಅವರ ಮನೆಗೆ ಹೋಗಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಬಂದಳು. ಆ ಅಳಿಯ ಆಮೇಲೆ ನಮ್ಮೂರಿಗೆ ಬಂದಾಗಲೆಲ್ಲ ಬಾಗಿಲು ಹಾಕಿಕೊಂಡೇ ಉಣ್ಣುತ್ತಿದ್ದ.

ಈಗ ಬಿ.ಎ. ಎರಡನೇ ವರ್ಷದಲ್ಲಿ, ದಾವಣಗೆರೆಯ ನಟ್ಟನಡುವೆ, ಇಡೀ ಹೋಟೆಲು ಒಂದು ಕಡೆ ನೋಡುತ್ತಿದ್ದರೆ ನಾವಿಬ್ಬರು ಇನ್ನೊಂದು ಕಡೆ ನೋಡುತ್ತ ನಿಂತಿದ್ದೆವು. ಗೋಡೆಯ ಮೇಲೆ ಯಾವುದೋ ಬಟ್ಟೆ ಅಂಗಡಿಯ ಕ್ಯಾಲೆಂಡರು. ಅದರಲ್ಲಿ ನನ್ನ ಪರೀಕ್ಷೆಯ ತಿಂಗಳಿಗೆ ಎಷ್ಟು ಭಾನುವಾರ ಉಳಿದಿವೆ ಅಂತ ಮೂರು ಸಲ ಎಣಿಸಿದೆ. ಅಷ್ಟರಲ್ಲಿ ಬಸಿಯವರು ಎದ್ದು ಹೋದರು, ಅವರ ಜಾಗದಲ್ಲಿ ಬೇರೆ ಇಬ್ಬರು ಕೂತಾಗಿತ್ತು.

ಇನ್ನೊಂದು ಜಾಗ ಖಾಲಿಯಾಯಿತು. ಅದನ್ನು ಅಪ್ಪ ಮಂಡಿನೋವಿನ ಒಬ್ಬ ಮುದುಕರಿಗೆ, "ನೀವು ಕೂಡ್ರಿ ಯಜಮಾನ್ರ, ನಾವು ಗಟ್ಟಿ ಅದೀವಿ" ಅಂತ ಬಿಟ್ಟುಕೊಟ್ಟ. ಮಗದೊಂದಕ್ಕೆ ನಾನೇ ಓಡಿದೆ. ಓಡುವಾಗ ಬಾಗಿಲಲ್ಲಿ ಒಂದು ಬಿಳಿ ಟೋಪಿ ಕಂಡಿತು. ತಟ್ಟನೆ ಕುಕ್ಕರಗಾಲಲ್ಲಿ ಕೂತು ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ನಟಿಸಿದೆ. ಟೋಪಿ ಹತ್ತಿರ ಬಂತು. ಯಾರೋ ಎಣ್ಣೆ ವ್ಯಾಪಾರಿ. ಕುರ್ಚಿ ಹೋಗಿತ್ತು.

ಆ ಕಾಲದಲ್ಲಿ ಭಾನುವಾರ ದಾವಣಗೆರೆಯಲ್ಲಿ ಬಿಳಿ ಟೋಪಿ ಎಷ್ಟು ಇರುತ್ತಿದ್ದವು ಅಂತ ನಿಮಗೆ ಹೇಗೆ ಹೇಳಲಿ! ಪ್ರತಿಯೊಂದೂ ಓಣಿಯ ತಿರುವಿನಲ್ಲಿ ವೀರಭದ್ರಯ್ಯನವರಾಗಿ ಹುಟ್ಟಿ, ಹೋಟೆಲಿನ ಮುಂದೆ ಬರುವಷ್ಟರಲ್ಲಿ ಬೇರೆ ಯಾರೋ ಆಗುತ್ತಿತ್ತು. ಕಾಯುವುದು ಕಷ್ಟ ಅನ್ನುತ್ತಾರೆ ಜನ. ಹಸಿವಿನಲ್ಲಿ ಕಾಯುವುದು ಕಷ್ಟವೇ ಅಲ್ಲ, ನಾನು ಎಷ್ಟೋ ಕಾದಿದ್ದೇನೆ. ಎಲ್ಲರಿಗೂ ಕಾಣುವ ಜಾಗದಲ್ಲಿ, ಕಾಣಬಾರದವನಾಗಿ ಒಂದೂವರೆ ತಾಸು ನಿಲ್ಲುವುದಿದೆಯಲ್ಲ, ಅದು ಕಷ್ಟ. ಅಪ್ಪನ ಟವೆಲನ್ನು ತೆಗೆದುಕೊಂಡು ಬಿಸಿಲಿಗೆ ಅನ್ನುವ ಹಾಗೆ ತಲೆಗೆ ಹೊದ್ದೆ. ತಗಡಿನ ನೆರಳಲ್ಲಿ ನಿಂತವನಿಗೆ ಯಾವ ಬಿಸಿಲು ಅಂತ ಅಪ್ಪ ಕೇಳಲಿಲ್ಲ. ಪೇಟೆಯ ರೀತಿ ಇರಬೇಕು ಅಂದುಕೊಂಡ.

ಕೊನೆಗೆ ಸಪ್ಲೈ ಮಾಡುವವನಿಗೇ ನಮ್ಮನ್ನು ನೋಡಿ ಕರುಣೆ ಬಂತು. "ಓ ಗೋಡೆ ಕಡೆಯೋರು! ಬರ್ರಿ, ಇಲ್ಲಿ ಎರಡು ಖಾಲಿ ಆದ್ವು. ಗೋಡೆ ಬೀಳಾಕಿಲ್ಲ, ನೀವು ಹಿಡ್ಕಳಾದು ಬ್ಯಾಡ!"

ಎಲ್ಲರೂ ನಕ್ಕರು. ಸಿಕ್ಕ ಜಾಗ ಹೋಟೆಲಿನ ಸರೀ ನಡುವೆ, ಬಾಗಿಲಿಗೆ ಬೆನ್ನು.

"ನೀನು ಕೂಡ್ರೋದು ಇಲ್ಲೇ ಏನು?"

"ಹೂಂ, ಇಲ್ಲೇ."

ಅಪ್ಪ ಮೇಜಿನ ಹಲಗೆಯನ್ನು ಅಂಗೈಯಿಂದ ಒಮ್ಮೆ ಸವರಿದ. ಎತ್ತು ಕೊಳ್ಳುವಾಗ ಬೆನ್ನು ಸವರುವ ಹಾಗೆ. ಮನೆಗೆ ಹೋಗಿ ಅವ್ವನಿಗೆ ಹೇಳಬೇಕಲ್ಲ.

ದೋಸೆ ಬಂತು. ಬಂದದ್ದನ್ನು ನೋಡಿ ನಾನು ದಿಕ್ಕುಗೆಟ್ಟೆ. ರುದ್ರೇಶ ಎಲ್ಲ ಹೇಳಿದ್ದ, ತಿನ್ನುವುದು ಹೇಗೆ ಅಂತ ಹೇಳಿರಲಿಲ್ಲ. ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ. ನಮ್ಮ ಮನೆಯಲ್ಲಿ ಬೆಣ್ಣೆ ತಟ್ಟೆಗೆ ಬಿದ್ದರೆ ಅದನ್ನು ಅಂಚಿಗೆ ಸರಿಸಿಟ್ಟುಕೊಂಡು, ರೊಟ್ಟಿ ಎಲ್ಲ ಮುಗಿದ ಮೇಲೆ ಕೊನೆಗೆ ನೆಕ್ಕುತ್ತಿದ್ದೆವು. ನಾನು ಹಾಗೇ ಮಾಡಿದೆ. ಬೆಣ್ಣೆಯನ್ನು ಮೂಲೆಗೆ ತಳ್ಳಿ, ದೋಸೆಯನ್ನು ರೊಟ್ಟಿ ಮುರಿದ ಹಾಗೆ ಮುರಿದು, ಆಲೂಗಡ್ಡೆ ಪಲ್ಯ ಸುತ್ತಿ ಬಾಯಿಗಿಟ್ಟೆ. ಅಪ್ಪ ನನ್ನನ್ನೇ ನೋಡುತ್ತಿದ್ದ, ಮಗ ಬಲ್ಲವನು ಅಂತ. ಅವನೂ ಬೆಣ್ಣೆ ಮೂಲೆಗೆ ತಳ್ಳಿದ. ಎರಡು ತಟ್ಟೆಯ ಎರಡು ಮೂಲೆಯಲ್ಲಿ ಎರಡು ಬೆಣ್ಣೆ ಮುದ್ದೆಗಳು ಬೇಲಿ ಹೊರಗಿನ ಕುರಿಮರಿಗಳ ಹಾಗೆ ಕೂತವು. ಹಾಗೇ ಮೆಲ್ಲಗೆ ಕರಗತೊಡಗಿದವು.

ನಾಲ್ಕನೇ ತುತ್ತಿಗೆ ನನ್ನ ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ ಬಿತ್ತು. ಮುಂದಿನ ಗಿರಾಕಿ ಅಂದುಕೊಂಡೆ.

ಆಮೇಲೆ ಕೆಮ್ಮು. ಒಂದು. ಎರಡು.

ಬಾಯಲ್ಲಿದ್ದದ್ದು ಬಾಯಲ್ಲೇ ನಿಂತಿತು. ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಕೊಡೆಯ ತುದಿ ನನ್ನ ಕುರ್ಚಿಯ ಕಾಲಿಗೆ ತಾಗಿ ಟಕ್ ಅಂತು. ನನ್ನ ಕಿವಿಯ ಹಿಂದಿನಿಂದ ಬೆವರು ಹೊರಟು ಕತ್ತಿನೊಳಗೆ ಇಳಿಯಿತು. ಕಣ್ಣ ಮುಂದೆ ನನ್ನ ಟ್ರಂಕು. ಅದರ ಮೇಲೆ ಅಪ್ಪ ಪೇಟೆಯಲ್ಲಿ ಬರೆಸಿಕೊಟ್ಟಿದ್ದ ನನ್ನ ಹೆಸರು. ಗೇಟಿನ ಹೊರಗೆ.

ಎದ್ದರೆ ಅವರ ಮುಖ ನೋಡಬೇಕು. ಏಳಬೇಕಾದರೆ ದೋಸೆ ಮುಗಿಯಬೇಕು. ಆದ್ದರಿಂದ ದೋಸೆ ಮುಗಿಯದ ಹಾಗೆ ನೋಡಿಕೊಂಡೆ. ಉಗುರಿನಷ್ಟು ಉಗುರಿನಷ್ಟೇ ಮುರಿದು ತಿಂದೆ. ಒಂದು ಚೂರನ್ನು ಎಷ್ಟು ಅಗಿದೆನೆಂದರೆ ಅದು ನೀರಾಗಿ ತಾನಾಗಿಯೇ ಹೋಯಿತು. ಬೆನ್ನ ಹಿಂದೆ ಆ ಕೈ ಅಲುಗಲಿಲ್ಲ. ಕಾಯುವುದರಲ್ಲಿ ಅವರು ನನಗಿಂತ ಪಳಗಿದವರು.

"ಯಾಕ ಇಷ್ಟು ಮೆಲ್ಲಗೆ ತಿಂತಿ?" ಅಂದ ಅಪ್ಪ. ಅವನದು ಮುಗಿದಿತ್ತು. "ಪಾಪ, ಹಿಂದೆ ಯಜಮಾನ್ರು ನಿಂತಾರೆ." ಕತ್ತು ತಿರುಗಿಸಿ ಅವರಿಗೇ ಹೇಳಿದ, "ಇನ್ನೊಂದು ಚೂರು ತಡೀರಿ, ಎದ್ದು ಬಿಡ್ತಾನೆ."

"ಅವಸರ ಇಲ್ಲ. ತಿನ್ಲಿ" ಅಂದಿತು ಆ ಧ್ವನಿ.

"ಇವ ನನ್ನ ಮಗ್ರಿ. ಬಿ.ಎ. ಓದ್ತಾನೆ. ನಮ್ಮ ಪೈಕಿ ಇವನೇ ಮೊದ್ಲು."

"ಹೌದಾ? ಎಲ್ಲಿರ್ತಾನೆ?"

ಮೇಜಿನ ಕೆಳಗೆ ಅಪ್ಪನ ಕಾಲು ಒತ್ತಿದೆ. ಅಪ್ಪ ಕಾಲು ಹಿಂದಕ್ಕೆ ಎಳೆದುಕೊಂಡು ನನಗೆ ಜಾಗ ಮಾಡಿಕೊಟ್ಟ.

"ಪುಕ್ಕಟೆ ಹಾಸ್ಟೆಲ್ ಐತಲ್ರಿ, ಅಲ್ಲಿ. ಪುಣ್ಯಾತ್ಮರು ಅನ್ನ ಹಾಕ್ತಾರೆ, ಇಲ್ಲ ಅನ್ನಂಗಿಲ್ಲ. ಆದ್ರ ಸಾರು ಭಾಳ ತೆಳ್ಳಗಂತ್ರಿ. ಬ್ಯಾಳಿ ಹುಡುಕ್ಬೇಕಂತೆ. ಅದ್ಕೇ ಇವ ವಾರ ವಾರ ಇಲ್ಲಿಗೆ ಬಂದು ದೋಸೆ ತಿಂತಾನೆ. ಅದ್ರ ಮ್ಯಾಲೇ ಜೀವ ಹಿಡ್ಕಂಡಾನೆ ನೋಡ್ರಿ."

"ವಾರ ವಾರ?"

"ಒಂದು ವಾರನೂ ತಪ್ಪಿಸಿಲ್ರಿ. ಎಲ್ಲ ಕಾಗದದಾಗ ಬರೀತಾನೆ."

ಕಾವಲಿಯ ಮೇಲೆ ನೀರು ಚಿಮುಕಿಸಿದ ಚುಂಯ್ ಶಬ್ದವಾಯಿತು. ಆಮೇಲೆ ನನ್ನ ನೆತ್ತಿಯ ಮೇಲಿನಿಂದ ಮಾತು ಬಂತು. "ಏನಪ್ಪಾ, ಹೌದೇನು? ವಾರ ವಾರ ಬರ್ತೀಯಾ?"

ಇಲ್ಲ ಅನ್ನಬಹುದಿತ್ತು. ಇದೇ ಮೊದಲು, ಅಪ್ಪ ಬಂದಿದ್ದಕ್ಕೆ ಬಂದೆ, ಸತ್ಯವಾಗಿ ಇದೇ ಮೊದಲು ಅಂತ ಕಾಲು ಹಿಡಿಯಬಹುದಿತ್ತು. ಒಂದು ಸಲದ ತಪ್ಪಿಗೆ ಕ್ಷಮೆಯಾದರೂ ಸಿಕ್ಕೀತು, ಎರಡು ವರ್ಷದ ತಪ್ಪಿಗೆ ಸಿಗುವುದಿಲ್ಲ. ಆದರೆ ಎದುರಿಗೆ ಅಪ್ಪ ಕೂತಿದ್ದ. ತುಟಿಯ ಮೇಲೆ ಚಟ್ನಿ, ಕಣ್ಣಲ್ಲಿ ನಗು. ಹಾಕಿಸಿಕೊಂಡ ಬೆಣ್ಣೆಯನ್ನು ಕೊನೆಗೆ ಅಂತ ಉಳಿಸಿಕೊಂಡು ನನ್ನ ತಟ್ಟೆ ಮುಗಿಯುವುದನ್ನೇ ಕಾಯುತ್ತಿದ್ದ.

"ಹೌದ್ರಿ" ಅಂದೆ.

ಅಪ್ಪ ಬೆಣ್ಣೆ ನೆಕ್ಕಿ ಎದ್ದ. ನಾನೂ ಎದ್ದೆ. ಅಪ್ಪ ನನ್ನ ತಲೆಯ ಮೇಲಿದ್ದ ಟವೆಲನ್ನು ಎಳೆದುಕೊಂಡು ಅದರಿಂದಲೇ ನನ್ನ ಕುರ್ಚಿಯನ್ನು ಒರೆಸಿದ. "ಬರ್ರಿ ಯಜಮಾನ್ರ, ಕೂಡ್ರಿ. ಭಾಳ ಹೊತ್ತು ನಿಂತ್ರಿ." ವೀರಭದ್ರಯ್ಯನವರು ನನ್ನ ಮುಖವನ್ನು ಒಂದು ಸಲ, ನನ್ನ ತಟ್ಟೆಯನ್ನು ಒಂದು ಸಲ ನೋಡಿ, ಕೊಡೆಯನ್ನು ತೊಡೆಯ ನಡುವೆ ಇಟ್ಟುಕೊಂಡು ಕೂತರು.

ಸ್ಟೇಷನ್ನಿನವರೆಗೂ ಅಪ್ಪನದು ಒಂದೇ ಮಾತು. "ಎಂಥ ಸಮಾಧಾನದ ಮನುಷ್ಯ! ಅಷ್ಟೊತ್ತು ನಿಂತ್ರೂ ಒಂದು ಮಾತು ಅನ್ನಲಿಲ್ಲ. ಓದಿದೋರು ಅಂದ್ರೆ ಹಂಗಿರ್ಬೇಕು ನೋಡು." ಹರಿಹರದ ಕಡೆಯ ರೈಲು ಬಂತು. ಅಪ್ಪ ಕಿಟಕಿಯಿಂದ ರೊಟ್ಟಿ ಗಂಟು ಕೊಡುತ್ತ, "ಅವ್ವಗೆ ಹೇಳ್ತೀನಿ, ಚಿಂತಿ ಬ್ಯಾಡ ಅಂತ" ಅಂದ. ನಾಳೆಯೋ ನಾಡಿದ್ದೋ ನಾನೂ ಇದೇ ರೈಲಿಗೆ ಟ್ರಂಕು ಹೊತ್ತು ಹತ್ತುತ್ತೇನೆ ಅಂತ ನನಗೆ ಖಾತ್ರಿಯಾಗಿತ್ತು.

ಹೊರಗೆ ಹಾಕಿಸಿಕೊಳ್ಳುವುದಕ್ಕಿಂತ ನಾನೇ ಕಟ್ಟಿಡುವುದು ಮರ್ಯಾದೆ ಅನ್ನಿಸಿ, ಮಧ್ಯಾಹ್ನವೇ ಟ್ರಂಕು ಕಟ್ಟಿದೆ. ಕಟ್ಟುವುದಕ್ಕೆ ಎರಡು ಅಂಗಿ, ಒಂದು ಪಂಚೆ, ಉಳಿದದ್ದೆಲ್ಲ ಪುಸ್ತಕ. ಕಟ್ಟಿ ಅದರ ಮೇಲೆ ಕೂತೆ. ಹೊರಗೆ ಯಾರ ಚಪ್ಪಲಿ ಸದ್ದಾದರೂ ಎದ್ದು ನಿಲ್ಲುತ್ತಿದ್ದೆ. ಸಂಜೆ ಪ್ರಾರ್ಥನೆ ಮುಗಿಯಿತು. ಕರೆ ಬಂತು.

ವಾರ್ಡನ್ನರ ಮೇಜಿನ ಮೇಲೆ ನಿಲಯದ ಹೆಸರಿನ ಪುಸ್ತಕ ತೆರೆದಿತ್ತು.

"ಟ್ರಂಕು ಕಟ್ಟೀಯಂತೆ?"

"ಹೌದ್ರಿ."

"ಯಾರು ಕಟ್ಟು ಅಂದ್ರು? ಇವತ್ತು ತಿಂದೆಯಲ್ಲ, ಎಷ್ಟನೇ ದೋಸೆ ಅದು?"

ಇಲ್ಲಿ ಅಪ್ಪ ಇರಲಿಲ್ಲ. "ಮೊದಲನೇದು ಸರ್" ಅಂದೆ. ಯಾರು ನಂಬುತ್ತಾರೆ ಅನ್ನಿಸಿತು.

"ಗೊತ್ತು" ಅಂದರು ಅವರು. "ನಿನ್ನ ಹಿಂದೆ ಅಷ್ಟೊತ್ತು ನಿಂತು ನಾನು ನೋಡಿದ್ದು ಇನ್ನೇನು? ವಾರ ವಾರ ತಿನ್ನೋನು ಬೆಣ್ಣೆನ ಮೂಲಿಗೆ ತಳ್ಳಿ ಕೂಡ್ರಲ್ಲ. ಬಿಸಿ ಇದ್ದಂಗೇ ದೋಸೆ ತುಂಬ ಹಚ್ಚಿಬಿಡ್ತಾನೆ. ಅಪ್ಪ ಮಗ ಇಬ್ರೂ ಸೇರಿ ಒಳ್ಳೆ ದೋಸೆ ಹಾಳು ಮಾಡಿದ್ರಿ." ಮತ್ತೆ ಕೇಳಿದರು, "ಹಂಗಾದ್ರೆ ನಾನು ಕೇಳ್ದಾಗ ಹೌದು ಅಂತ ಯಾಕ ಅಂದಿ?"

"ಅಪ್ಪ ಇದ್ರಲ್ರಿ."

ಅವರು ಎರಡು ಸಲ ಕೆಮ್ಮಿದರು. ಆ ಕೆಮ್ಮಿನ ಹಿಂದೆ ಯಾರೂ ಬರಲಿಲ್ಲ, ಅವರು ಅಲ್ಲೇ ಇದ್ದರು. ಕಿಟಕಿಯ ಕಡೆ ನೋಡುತ್ತ ಕೂತಿದ್ದರು.

"ನಾನು ಅಲ್ಲಿಗೆ ಹೋಗೋದು ನಿಮ್ಮನ್ನ ಹಿಡಿಯೋಕೆ ಅಂತ ಹುಡುಗ್ರು ಅಂತಾರೆ. ಅಲ್ಲ. ನಾನೂ ದೋಸೆಗೇ ಹೋಗೋದು. ಆದ್ರ ಕಣ್ಣಿಗೆ ಬಿದ್ದ ಮ್ಯಾಲೆ ಬಿದ್ದಂಗೇ. ಒಂದು ದೋಸೆನೂ ದೋಸೆನೇ." ಪುಸ್ತಕ ಹತ್ತಿರಕ್ಕೆ ಎಳೆದುಕೊಂಡು ನನ್ನ ಹೆಸರಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. ಬಗ್ಗಿ ನೋಡಿದೆ. ಪೆನ್ಸಿಲ್ಲು.

"ಇನ್ನೊಂದು ಸಲ ಕಂಡ್ರೆ ಇದರ ಮ್ಯಾಲೆ ಇಂಕು ಎಳೀತೀನಿ. ಹೋಗು, ಟ್ರಂಕು ಬಿಚ್ಚು. ಮತ್ತೆ, ನಾಳೆಯಿಂದ ಬೆಳಿಗ್ಗೆ ಎದ್ದು ಅಡುಗೆ ಮನೆಗೆ ಹೋಗು. ಸಾರಿಗೆ ಬ್ಯಾಳಿ ನಿನ್ನ ಕೈಯಾಗೇ ಅಳೆದು ಹಾಕ್ಬೇಕು. ಹುಡುಕೋ ತ್ರಾಸು ಯಾರಿಗೂ ಬ್ಯಾಡ."

ಉಳಿದ ಒಂದೂ ಕಾಲು ವರ್ಷ ನಾನು ಆ ಪೆನ್ಸಿಲ್ ಗೆರೆಯ ಕೆಳಗೆ ಬದುಕಿದೆ. ಮಂಡಿಪೇಟೆಯ ಆ ಓಣಿ ಬಂದರೆ ಸುತ್ತು ಹಾಕಿ ಹೋಗುತ್ತಿದ್ದೆ. ಗಾಳಿ ಆ ಕಡೆಯಿಂದ ಬೀಸಿ ಬೆಣ್ಣೆಯ ವಾಸನೆ ಮೂಗಿಗೆ ಬಂದರೂ, ಅದೂ ಲೆಕ್ಕಕ್ಕೆ ಬರುತ್ತದೋ ಅಂತ ಉಸಿರು ಬಿಗಿಹಿಡಿಯುತ್ತಿದ್ದೆ. ಸಾರು ಮಾತ್ರ ದಪ್ಪಗಾಯಿತು. ಮನೆಗೆ ಕಾಗದ ಬರೆಯುವುದು ನಿಲ್ಲಿಸಲಿಲ್ಲ. ಈಗ ಅದರಲ್ಲಿ ಬೆಣ್ಣೆಯನ್ನು ಬಿಸಿಯಿದ್ದಾಗಲೇ ಹೇಗೆ ಹಚ್ಚಬೇಕು ಅಂತ ವಿವರ ಸೇರಿತು.

ಪರೀಕ್ಷೆ ಮುಗಿಸಿ ಊರಿಗೆ ಹೋದೆ. ಫಲಿತಾಂಶದ ದಿನ ಹರಿಹರಕ್ಕೆ ಬಂದು ಸ್ಟೇಷನ್ನಿನಲ್ಲಿ ಪೇಪರು ನೋಡಿದೆ. ನನ್ನ ನಂಬರು ಇತ್ತು. ಬೆರಳು ಇಟ್ಟು ಮೂರು ಸಲ ನೋಡಿದೆ, ಬೆವರಿಗೆ ನಂಬರು ಮಸಕಾಯಿತು. ಅವತ್ತು ಭಾನುವಾರ. ಕೊಕ್ಕನೂರಿನ ಬಸ್ಸಿಗೆ ಹೋಗಬೇಕಾದವನು ದಾವಣಗೆರೆಯ ರೈಲು ಹತ್ತಿದೆ. ಈಗ ನಾನು ನಿಲಯದವನಲ್ಲ, ಪದವೀಧರ. ಯಾವ ಹೋಟೆಲಿನ ಯಾವ ಕುರ್ಚಿಯಲ್ಲಿ ಬೇಕಾದರೂ ಕೂರಬಹುದು. ತಲೆಗೆ ಅದು ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಓಣಿಯ ತಿರುವಿನಲ್ಲಿ ಅವು ತಾವಾಗಿಯೇ ನಿಂತುಬಿಟ್ಟವು.

ಆದರೂ ಹೋದೆ. ಬಸಿ ಹಿಡಿದವನೊಬ್ಬನ ಕುರ್ಚಿಗೆ ಕೈ ಹಾಕಿದೆ, ಮುಖ ಮಾತ್ರ ಗೋಡೆಗೆ ತಿರುಗಿಸಿಕೊಂಡೆ. ಮುಕ್ಕಾಲು ತಾಸಿಗೆ ಜಾಗ ಸಿಕ್ಕಿತು. ಮತ್ತೆ ನಡುವೆಯೇ, ಬಾಗಿಲಿಗೆ ಬೆನ್ನು. ದೋಸೆ ಬಂತು. ಬೆಣ್ಣೆಗೆ ಬೆರಳು ಹಾಕುವಷ್ಟರಲ್ಲಿ ಕುರ್ಚಿಯ ಮೇಲೆ ಕೈ ಬಿತ್ತು.

ಒಂದು ಕೆಮ್ಮು. ಎರಡು.

ನಾನು ಎದ್ದೇಬಿಟ್ಟೆ. ಎದ್ದವನ ಹೆಗಲ ಮೇಲೆ ಆ ಕೈ ಬಂದು ಕೆಳಕ್ಕೆ ಒತ್ತಿತು.

"ಪೇಪರು ನೋಡ್ದೆ. ಗೆರೆ ಅಳಿಸೇ ಬಂದೀನಿ" ಅಂದರು ವೀರಭದ್ರಯ್ಯನವರು. "ಕೂಡ್ರು. ಮೊದ್ಲು ಬೆಣ್ಣೆ ಹಚ್ಚು, ಆರ್ತೈತೆ."

ಕೂತೆ. ದೋಸೆ ತುಂಬ ಬೆಣ್ಣೆ ಹಚ್ಚಿದೆ. ಅವರು ಹಿಂದೆ ನಿಂತೇ ಇದ್ದರು, ಕುರ್ಚಿ ಹಿಡಿದುಕೊಂಡು, ನನ್ನ ಸರದಿ ಮುಗಿಯಲಿ ಅಂತ. ಅಳಿಸಿದ್ದಾರೆ ಅಂತ ಅಂದು ಕಿವಿಯಾರೆ ಕೇಳಿದ್ದೇನೆ. ಬೆನ್ನು ಮಾತ್ರ ಆ ಮಾತನ್ನು ಇನ್ನೂ ನಂಬಿಲ್ಲ.